ಸರ್ವಸುಖ ಪುಡಿಯ ಪ್ರಭಾಕರ್ ಅಂಕಲ್

ಪ್ರಭಾಕರ್ ಅಂಕಲ್ ತಮ್ಮ ಬಾಯಿಂದ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಸುಳ್ಳನ್ನೆಲ್ಲ ಅವರು ಬೇರೆಯವರ ಬಾಯಿಂದ ಹೇಳಿಸುತ್ತಿದ್ದರು. "ನಾನ್ ಹೇಳೋದಲ್ಲಮ್ಮ, ಜನ ಹೇಳೋದು" ಎಂದು ಶುರುಮಾಡಿದರೆ ಹ್ಯಾಮಿಲ್ಟನ್ನಿನ ಯಾವನೋ ಇಂಜಿನಿಯರನ ಮೂಲವ್ಯಾಧಿ, ಟೌರಂಗಾದ ಯಾವಳೋ ನರ್ಸಿನ ಅತ್ತೆಯ ಮಂಡಿನೋವು, ಎಲ್ಲವೂ ಸರದಿಯಲ್ಲಿ ಬಂದು ಅವರ ಪುಡಿಯಿಂದ ವಾಸಿಯಾಗಿ ಹೋಗುತ್ತಿದ್ದವು. ಕೊನೆಗೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ನನ್ನನ್ನೇ ನೋಡಿ" ಎನ್ನುತ್ತಿದ್ದರು. ಅಷ್ಟೇ. ಅರವತ್ತೆಂಟರಲ್ಲೂ ಬೆನ್ನು ಬಾಗಿರಲಿಲ್ಲ, ಕೆನ್ನೆ ಹೊಳೆಯುತ್ತಿತ್ತು, ಬಿಳಿ ಅಂಗಿಯ ಇಸ್ತ್ರಿ ಮುರಿಯುತ್ತಿರಲಿಲ್ಲ. ನೋಡಿದವರು ಉಳಿದದ್ದನ್ನು ತಾವೇ ಊಹಿಸಿಕೊಳ್ಳುತ್ತಿದ್ದರು.

ಮೈಸೂರಿನಿಂದ ನ್ಯೂಜಿಲೆಂಡಿಗೆ ಬಂದು ಆಕ್ಲೆಂಡಿನ ಪೇಂಟ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಆಮೇಲೆ ಅವರಿಗೆ ಹೊಳೆದದ್ದು ಸರ್ವಸುಖ ಪುಡಿ. ಅದರಲ್ಲಿ ಇದ್ದದ್ದು ಮೆಂತ್ಯ, ಒಣಗಿಸಿದ ಹಾಗಲಕಾಯಿ, ಅಜವಾನ, ಬೇವಿನ ಎಲೆ. ಎಲ್ಲವೂ ನಮ್ಮ ಒನೆಹುಂಗಾ ಬಡಾವಣೆಯ ಮುಖ್ಯ ಬೀದಿಯ ಇಂಡಿಯನ್ ಅಂಗಡಿಯ ಮಾಲೇ. ಮಿಕ್ಸಿಗೆ ಹಾಕಿ, ಡಬ್ಬಿಗೆ ತುಂಬಿ, ಮೇಲೊಂದು ಚೀಟಿ ಅಂಟಿಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಿತ್ತ, ಮಂಕು, ಮುಟ್ಟಿನ ನೋವು, ಕೂದಲು ಉದುರುವುದು ಎಲ್ಲಕ್ಕೂ ಮದ್ದು. ಜೊತೆಗೆ ನಾಲ್ಕು ಪುಟದ ಕರಪತ್ರ. ಅದರ ತುಂಬ ವಾಸಿಯಾದವರ ಪತ್ರಗಳು.

ನಾನು ಅದೇ ಬೀದಿಯ ಫಾರ್ಮಸಿಯಲ್ಲಿ ಔಷಧಿ ಕೊಡುವವಳು. ಪ್ರಭಾಕರ್ ಅಂಕಲ್ ಮೂರು ತಿಂಗಳಿಗೊಮ್ಮೆ, ಬೆಳಗ್ಗೆ ಬಾಗಿಲು ತೆಗೆದ ಹೊತ್ತಿಗೆ, ಅಂಗಡಿಯಲ್ಲಿ ಬೇರೆ ಕನ್ನಡದವರು ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು ನನ್ನ ಕೌಂಟರಿಗೆ ಬರುತ್ತಿದ್ದರು. "ಅಮ್ಮಾ, ಅದು" ಎನ್ನುತ್ತಿದ್ದರು. ಅದು ಎಂದರೆ ಅವರ ಸಕ್ಕರೆ ಕಾಯಿಲೆಯ ಮಾತ್ರೆ, ಅವರ ಬಿಪಿ ಮಾತ್ರೆ. ಒಂದು ದಿನವೂ ತಡವಾಗಿ ಬಂದವರಲ್ಲ. ಚೀಲವನ್ನು ಮಡಚಿ ಜಾಕೆಟ್ಟಿನ ಒಳಗೆ ಇಟ್ಟುಕೊಂಡು, ಹೊರಗೆ ಹೋಗುವಾಗ ನಮ್ಮ ವಿಟಮಿನ್ ಕಪಾಟಿನ ಕಡೆ ನೋಡಿ ಸಣ್ಣಗೆ ನಗುತ್ತಿದ್ದರು, ಇಬ್ಬರೂ ಒಂದೇ ಕಸುಬಿನವರು ಎಂಬಂತೆ. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅದನ್ನು ಆಗ ಯಾರಿಗೂ ಹೇಳುವ ಹಾಗಿರಲಿಲ್ಲ. ಕೌಂಟರಿನ ಈಚೆ ನಿಂತವಳು ಆಚೆಯವರ ಚೀಟಿಯಲ್ಲಿ ಏನಿದೆ ಎಂದು ಬಾಯಿ ಬಿಟ್ಟರೆ ಕೆಲಸವೂ ಹೋಗುತ್ತದೆ, ಹೋಗಲೂಬೇಕು.

ನಾಗರತ್ನ ಆಂಟಿ ಈ ಕಥೆಯೊಳಗೆ ಬರದಿದ್ದರೆ ನಾನು ಅಂಕಲನ್ನು ನೋಡಿ ಮೂಗು ಮುರಿದು ಸುಮ್ಮನಿರುತ್ತಿದ್ದೆ. ಆಂಟಿ ಮಕ್ಕಳ ಡೇ ಕೇರ್ ಒಂದರಲ್ಲಿ ಅಡುಗೆ ಮಾಡುತ್ತಿದ್ದರು. ನಾನು ಈ ದೇಶಕ್ಕೆ ಬಂದ ಮೊದಲ ವಾರ, ಯಾರೋ ಹೇಳಿದರೆಂದು, ಪರಿಚಯವಿಲ್ಲದ ನನ್ನ ಬಾಗಿಲಿಗೆ ಚಟ್ನಿಪುಡಿ ತಂದುಕೊಟ್ಟವರು. ಹಳೆಯ ಸಕ್ಕರೆ ಕಾಯಿಲೆ. ಮಾತ್ರೆ ನನ್ನ ಹತ್ತಿರವೇ ಒಯ್ಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಬರುವುದು ನಿಂತಿತು. ಫೋನ್ ಮಾಡಿದೆ.

"ಮಾತ್ರೆ ಬಿಟ್ಟೆ ಕಣೇ," ಎಂದರು ಖುಷಿಯಲ್ಲಿ. "ಪುಡಿ ತಗೊಳ್ತಿದ್ದೀನಿ. ಮೈ ಹಗುರ ಆಗಿದೆ."

"ಆಂಟಿ, ಪುಡಿ ಬೇಕಾದ್ರೆ ತಗೊಳ್ಳಿ, ಮಾತ್ರೆ ಬಿಡ್ಬೇಡಿ. ನಿಮ್ಮ ಕಾಲಲ್ಲಿ ಆಗ್ಲೇ ಜೋಮು ಇದೆ."

"ಪ್ರಭಾಕರ್ ಅವ್ರನ್ನೇ ನೋಡು. ಮಾತ್ರೆ ನುಂಗೋ ಮನುಷ್ಯ ಹಾಗಿರ್ತಾರಾ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಆಂಟಿಯ ಡಾಕ್ಟರಿಗೆ ತಿಳಿಸಿದೆ. ಅವರು ಕರೆಸಿ ಮಾತಾಡಿದರು. ಆಂಟಿ ಹೂಂ ಎಂದು ಬಂದು ಪುಡಿಯನ್ನೇ ಮುಂದುವರಿಸಿದರು. ಮನೆಗೆ ಹೋಗಿ ಕೇಳಿದರೆ ಕರಪತ್ರ ತಂದು ನನ್ನ ಮುಂದೆ ಇಟ್ಟರು. "ಓದು. ಆಲ್ಬನಿಯ ಲಲಿತಾ ಅಂತೆ. ಎಲ್ಲಾ ಮದ್ದೂ ಬಿಟ್ಟು ಇದೊಂದನ್ನೇ ತಗೊಂಡ್ಲಂತೆ."

ಓದಿದೆ. "ಹನ್ನೊಂದು ವರ್ಷ ನರಳಿದೆ. ಬಾವಿಯಿಂದ ಒಂದು ಬಕೆಟ್ ನೀರು ಸೇದಲು ಆಗುತ್ತಿರಲಿಲ್ಲ. ಗಾಡಿಯಿಂದ ನನ್ನನ್ನು ಇಬ್ಬರು ಎತ್ತಿ ಇಳಿಸಬೇಕಿತ್ತು. ವೈದ್ಯರ ಮದ್ದನ್ನೆಲ್ಲ ಬಿಟ್ಟು ಈ ಪುಡಿಯೊಂದನ್ನೇ ನಂಬಿದೆ. ಮೂರನೆಯ ಡಬ್ಬಿಗೆ ಹನ್ನೆರಡು ಮೈಲಿ ನಡೆದೆ." ಆಲ್ಬನಿ ಆಕ್ಲೆಂಡಿನದೇ ಬಡಾವಣೆ; ಅಲ್ಲಿ ಮಾಲ್ ಇದೆ, ಯೂನಿವರ್ಸಿಟಿ ಇದೆ, ಊರೊಳಕ್ಕೆ ಹೋಗುವ ಬಸ್ಸಿಗೆ ಅದರದೇ ರಸ್ತೆ ಇದೆ. ಬಾವಿ ಸೇದುವ ಲಲಿತಾ ಎಲ್ಲಿಂದ ಬಂದಳು? ಈ ದೇಶದಲ್ಲಿ ಮೈಲಿ ಎಣಿಸಿ ನಡೆಯುವವರಾದರೂ ಈಗ ಯಾರಿದ್ದಾರೆ?

ಇಲ್ಲಿನ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಭಾನುವಾರ ಕೂತು ಬಾವಿ, ಬಕೆಟ್, ಹನ್ನೊಂದು ವರ್ಷ ಎಂದು ಇಂಗ್ಲಿಷಿನಲ್ಲಿ ಹುಡುಕಿದೆ. ಮಧ್ಯಾಹ್ನದ ಹೊತ್ತಿಗೆ ಲಲಿತಾ ಸಿಕ್ಕಳು. ವಿಕ್ಟೋರಿಯಾ ರಾಣಿಯ ಕಾಲದ ಪತ್ರಿಕೆ. ಹಡಗು ಬಂದ ಸುದ್ದಿಗೂ ಕುರಿ ಹರಾಜಿಗೂ ನಡುವೆ, ಯಾವುದೋ ಪಿತ್ತದ ಗುಳಿಗೆಯ ಸಚಿತ್ರ ಜಾಹೀರಾತು. ಅದರಲ್ಲಿ ಗಣಿ ಊರಿನ ಒಬ್ಬ ಹೆಂಗಸಿನ ಪತ್ರ. ಅದೇ ಬಾವಿ, ಅದೇ ಗಾಡಿ, ಅದೇ ಹನ್ನೆರಡು ಮೈಲಿ. ಅಂಕಲ್ ಬದಲಾಯಿಸಿದ್ದು ಹೆಸರು, ಊರು, ಗುಳಿಗೆ ಇದ್ದಲ್ಲಿ ಪುಡಿ.

ಆಮೇಲೆ ನಿಲ್ಲಿಸಲಾಗದೆ ಓದುತ್ತ ಹೋದೆ. ನಡುವಿಗೆ ಕಟ್ಟಿಕೊಂಡರೆ ಗಂಡಸುತನ ಮರಳುವ ವಿದ್ಯುತ್ ಪಟ್ಟಿ. ಬೋಳುತಲೆಯಲ್ಲಿ ವಾರಕ್ಕೆ ಕೂದಲು ತರುವ ಎಣ್ಣೆ. ಉಸಿರಾಟಕ್ಕೆ ಒಳ್ಳೆಯದೆಂದು ಪ್ರಮಾಣ ಮಾಡಿ ಮಾರುವ ಹೆಂಗಸರ ನಡು ಬಿಗಿಯುವ ಒಳಕವಚ. ಹೆಂಗಸರ ನಿಶ್ಶಕ್ತಿಗೂ ಕುದುರೆಯ ಹೊಟ್ಟೆನೋವಿಗೂ ಒಂದೇ ಸೀಸೆ. ಪ್ರತಿಯೊಂದರ ಕೆಳಗೂ ಕೃತಜ್ಞತೆಯಿಂದ ಗದ್ಗದರಾದವರ ಪತ್ರ. ಇವನ್ನು ಬರೆದವರು ಕೋಟು ತೊಟ್ಟು ಯಾವುದೋ ಆಫೀಸಿನಲ್ಲಿ ಚಹಾ ಕುಡಿಯುತ್ತ ಬರೆದಿರುತ್ತಾರೆ. ನಂಬಿ ಕುಡಿದ ಹೆಂಗಸು ದೂರದ ಹೊಲದ ಮನೆಯಲ್ಲಿ, ಡಾಕ್ಟರು ತಲುಪದಲ್ಲಿ ಸತ್ತಿರುತ್ತಾಳೆ. ಆ ಬರೆದವರಿಗಾದರೂ ಮೋಸವನ್ನು ಸ್ವಂತವಾಗಿ ಹೊಸೆಯುವಷ್ಟು ತಾಳ್ಮೆಯಿತ್ತು. ನಮ್ಮ ಅಂಕಲಿಗೆ ಅದೂ ಇರಲಿಲ್ಲ.

ಇಲ್ಲಿನ ಕನ್ನಡದವರೆಲ್ಲ ಸೇರುವ ಯುಗಾದಿ ಊಟದ ದಿನ ಆ ಜಾಹೀರಾತು, ಲಲಿತಾಳ ಪತ್ರ ಎರಡನ್ನೂ ಪ್ರಿಂಟ್ ತೆಗೆದುಕೊಂಡು ಹೋದೆ. ಊಟ ಮುಗಿದ ಮೇಲೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಸಾಲು ಸಾಲು ಓದಿದೆ. ನಾಗರತ್ನ ಆಂಟಿಯನ್ನು ಮುಂದೆಯೇ ಕೂರಿಸಿಕೊಂಡಿದ್ದೆ. ಎರಡು ಹಾಳೆಗಳೂ ಕೈಯಿಂದ ಕೈಗೆ ಹೋದವು. ಆಮೇಲೆ ಸಾಫ್ಟ್‌ವೇರಿನ ಒಬ್ಬ ಮಹಾಶಯ ಬಾಯಿ ತೆರೆದ.

"ಅಂದ್ರೆ ಇದು ನೂರು ವರ್ಷಕ್ಕಿಂತ ಹಿಂದಿಂದು. ಅಷ್ಟು ಕಾಲ ನಿಂತಿದೆ ಅಂದ್ರೆ ಏನೋ ಸತ್ಯ ಇರ್ಬೇಕಲ್ವಾ?"

ನಾಲ್ಕೈದು ತಲೆಗಳು ಆಡಿದವು. ಇವರೆಲ್ಲ ಓದಿದವರು. ಅವತ್ತು ಅಂಕಲ್ ಒಬ್ಬರ ಮೇಲಿದ್ದ ನನ್ನ ತಿರಸ್ಕಾರ ಇಡೀ ಹಾಲಿಗೆ ಹರಡಿತು.

ಅಂಕಲ್ ಮಾತ್ರ ಕನ್ನಡಕ ಹಾಕಿಕೊಂಡು ಆ ಹಳೆಯ ಜಾಹೀರಾತನ್ನು ಪೂರ್ತಿ ಓದಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಚೆನ್ನಾಗಿ ಹುಡುಕಿದ್ದೀಯಮ್ಮ," ಎಂದರು. "ಈ ಚಿತ್ರ ನನ್ನ ಹತ್ರ ಇರ್ಲಿಲ್ಲ. ಇಟ್ಕೊಳ್ಳಲಾ?"

ಮುಂದಿನ ಕರಪತ್ರದ ಮೊದಲ ಪುಟದಲ್ಲಿ ಅದೇ ಚಿತ್ರವಿತ್ತು. ಕೆಳಗೆ, "ವಿಕ್ಟೋರಿಯಾ ಮಹಾರಾಣಿಯ ಕಾಲದಿಂದ ನ್ಯೂಜಿಲೆಂಡಿನ ಮನೆಮನೆಗಳಲ್ಲಿ."

ಚಳಿಗಾಲದಲ್ಲಿ ನಾಗರತ್ನ ಆಂಟಿ ಕೆಲಸದಿಂದ ಬಂದು ಹೀಟರಿನ ಮುಂದೆ ಕಾಲು ಚಾಚಿ ಕೂತಿದ್ದಾರೆ. ಬೆರಳು ಸುಟ್ಟದ್ದು ಅವರಿಗೆ ತಿಳಿಯಲೇ ಇಲ್ಲ. ಗಾಯಕ್ಕೂ ಪುಡಿಯನ್ನೇ ಮೆತ್ತಿಕೊಂಡು ಹತ್ತು ದಿನ ಓಡಾಡಿದ್ದಾರೆ. ಆಸ್ಪತ್ರೆ ಸೇರುವ ಹೊತ್ತಿಗೆ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು, ತೆಗೆಯಬೇಕಾಯಿತು. ಅಂಕಲ್ ದ್ರಾಕ್ಷಿ ಹಿಡಿದುಕೊಂಡು ನೋಡಲು ಬಂದರು. "ಸದ್ಯ, ಎರಡಕ್ಕೇ ಮುಗೀತಲ್ಲ" ಎಂದು ಸಮಾಧಾನ ಹೇಳಿದರು. ಆಂಟಿ ಅವರಿಗೆ ಕೈ ಮುಗಿದರು. ನಾನು ಎದ್ದು ಕಾರಿಡಾರಿಗೆ ಹೋದೆ.

ಡೇ ಕೇರಿನ ಕೆಲಸ ಬಿಡಬೇಕಾಯಿತು. ಮಾತ್ರೆಯ ಜೊತೆಗೆ ಇನ್ಸುಲಿನ್ನೂ ಸೇರಿತು. ಆದರೂ ಅಂಕಲಿನ ಮೇಲೆ ಅವರಿಗೆ ದೂರಿರಲಿಲ್ಲ. "ನನ್ನ ದೇಹಕ್ಕೆ ಒಗ್ಗಲಿಲ್ಲ. ಅವ್ರಿಗೆ ಒಗ್ಗಿತು" ಎನ್ನುತ್ತಿದ್ದರು.

ಕೊನೆಯ ಸಲ ಅಂಕಲನ್ನು ನೋಡಿದ್ದು ಒಂದು ಶುಕ್ರವಾರ ಸಂಜೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಮಗಳ ಹತ್ತಿರ ನೆಲೆಸಲು ಮಾರನೆಯ ದಿನ ಹೊರಡುವವರಿದ್ದರು. ಅಂಗಡಿ ತುಂಬಿತ್ತು. ಎಂದೂ ಆ ಹೊತ್ತಿಗೆ ಬರದ ಮನುಷ್ಯ, ಗಡಿಬಿಡಿಯಲ್ಲಿ ಸಾಲು ದಾಟಿ ಬಂದು ದೊಡ್ಡ ದನಿಯಲ್ಲಿ ಹೇಳಿದರು:

"ಅಮ್ಮಾ, ನನ್ನ ಶುಗರ್ ಮಾತ್ರೆ, ಬಿಪಿ ಮಾತ್ರೆ, ಮೂರು ತಿಂಗಳಿಂದೂ ಈಗ್ಲೇ ಕೊಟ್ಬಿಡು. ಅಲ್ಲಿ ಡಾಕ್ಟರ್ ಸಿಗೋಕೆ ಎಷ್ಟು ದಿನವೋ. ಒಂದು ದಿನ ತಪ್ಪಿದ್ರೂ ನಂಗಾಗಲ್ಲ."

ಸನ್‌ಸ್ಕ್ರೀನಿನ ಸ್ಟ್ಯಾಂಡಿನ ಹಿಂದಿನ ಕುರ್ಚಿಯಲ್ಲಿ ನಾಗರತ್ನ ಆಂಟಿ ಇನ್ಸುಲಿನ್‌ಗೆ ಕಾದು ಕೂತಿದ್ದರು. ಕೋಲೂರಿ ಎದ್ದು ನಿಂತರು.

"ಎಷ್ಟು ವರ್ಷದಿಂದ ತಗೊಳ್ತಿದ್ದೀರಿ?"

ಅಂಕಲ್ ತಿರುಗಿದರು. ಬೆಚ್ಚಲಿಲ್ಲ. "ಆಯ್ತು ನಾಗರತ್ನಮ್ಮ, ಒಂದು ಹತ್ತು ಹನ್ನೆರಡು ವರ್ಷ."

"ಮತ್ತೆ ಪುಡಿ?"

"ಪುಡಿ ಒಳ್ಳೇದೇ. ಮಾತ್ರೆ ಬಿಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ನೆನಪು ಮಾಡ್ಕೊಳ್ಳಿ."

ಆಂಟಿ ನಿಜಕ್ಕೂ ನೆನಪು ಮಾಡಿಕೊಂಡರು. ಅವರ ಮುಖದಲ್ಲಿ ಅದು ಕಾಣುತ್ತಿತ್ತು. ಅಂಕಲ್ ಹೇಳಿರಲಿಲ್ಲ. ಹೇಳಿದ್ದವಳು ಲಲಿತಾ. ಅಂಕಲ್ ಚೀಲ ತೆಗೆದುಕೊಂಡು, "ಕಾಲು ಹುಷಾರು" ಎಂದು ಹೊರಟುಹೋದರು. ಈ ಸಲ ಚೀಲವನ್ನು ಜಾಕೆಟ್ಟಿನೊಳಗೆ ಬಚ್ಚಿಡಲೂ ಇಲ್ಲ.

ಆಂಟಿ ಕೌಂಟರಿನ ಹತ್ತಿರ ಬಂದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಆಂಟಿ."

"ಅವತ್ತು ಫೋನ್ ಮಾಡಿದಾಗ್ಲೂ?"

"ಹೂಂ. ಹೇಳೋ ಹಾಗಿರ್ಲಿಲ್ಲ."

ಅವರು ತಲೆಯಾಡಿಸಿದರು. ಇನ್ಸುಲಿನ್ ಚೀಲ ಹಿಡಿದು, ಬಾಗಿಲಿನವರೆಗೆ ನಿಧಾನವಾಗಿ ನಡೆದು ಹೋದರು. ನಾನು ಮಾಡಿದ್ದು ನಿಯಮದ ಪ್ರಕಾರ ಸರಿಯೇ. ಮತ್ತೆ ಅಂಥದೇ ಸಂದರ್ಭ ಬಂದರೂ ಹಾಗೆಯೇ ಮಾಡುತ್ತೇನೆ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ, ಪ್ರತಿ ಸಲವೂ ನನ್ನ ದನಿ ಅಂಕಲಿನ ದನಿಯಂತೆಯೇ ಕೇಳುತ್ತದೆ.

ಮುಂದಿನ ತಿಂಗಳು ಬೇರೆ ಬಡಾವಣೆಯ ಫಾರ್ಮಸಿಯೊಂದರಿಂದ ಫೋನ್ ಬಂತು. ನಾಗರತ್ನ ಅನ್ನುವವರು ಇನ್ನು ಔಷಧಿ ತಮ್ಮಲ್ಲೇ ತೆಗೆದುಕೊಳ್ಳುತ್ತಾರಂತೆ, ವಿವರ ಬೇಕು ಎಂದರು. ಒಂದೊಂದಾಗಿ ಓದಿ ಹೇಳಿದೆ. ತಪ್ಪದೆ ತಗೊಳ್ತಾರಾ ಎಂದು ಆ ಕಡೆಯ ಹುಡುಗಿ ಕೇಳಿದಳು.

"ಈಗ ತಗೊಳ್ತಾರೆ" ಎಂದೆ.