ಪಾಠ ಒಪ್ಪಿಸಿದಳು ಎಂದೆ

ಒಬ್ಬ ತಾಯಿ ನನ್ನನ್ನು ನಂಬಿ ಒಂದು ಮಾತು ಕೇಳಿದಳು. ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ಅವಳು ಮಗಳನ್ನು ಜೀಪು ಹತ್ತಿಸಿದಳು. ಆ ಮಗಳು ಇವತ್ತಿಗೂ ಮನೆಗೆ ಮರಳಿಲ್ಲ. ಇದನ್ನು ಬರೆಯುವಾಗ ಅಳು ಬರಬೇಕಿತ್ತು — ಬರುತ್ತಿಲ್ಲ. ಒಳಗೆ ಏನೋ ಮರಗಟ್ಟಿ ಹೋಗಿದೆ. ಹಾಗೆಯೇ ಬರೆಯುತ್ತೇನೆ.

ನಾನು ರಂಗಂಪೇಟೆಯವಳು. ಸುರಪುರದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮದುವೆಗೆ ಮುಂಚೆ, ಒಂದು ಸಂಸ್ಥೆಯ ಮೂಲಕ ನೇಪಾಳದ ಗುಡ್ಡದೂರಿನ ಶಾಲೆಗೆ ಒಂದು ವರ್ಷ ಸ್ವಯಂಸೇವಕಿಯಾಗಿ ಹೋಗಿದ್ದೆ. ಯಾದಗಿರಿ ಸ್ಟೇಷನ್ನಿಗೆ ಕಳಿಸಲು ಬಂದಿದ್ದ ಅವ್ವ, "ನಮ್ ಹುಡುಗುರಿಗೇ ಇಂಗ್ಲಿಷ್ ಬರಂಗಿಲ್ಲ, ನೀ ಅಷ್ಟು ದೂರ ಯಾರಿಗೆ ಕಲಸಾಕ ಹೊಂಟೀದಿ?" ಎಂದಿದ್ದಳು. ಹೊರದೇಶದಲ್ಲಿ ಕಲಿಸಿ ಬಂದವಳು ಅನ್ನಿಸಿಕೊಳ್ಳುವ ಆಸೆ ನನಗಿತ್ತು.

ಅಲ್ಲಿ ನನಗೆ ಕೋಣೆ ಕೊಟ್ಟು ಊಟ ಹಾಕಿದವಳು ಸುನ್‌ಮಾಯಾಳ ಅಮ್ಮ. ವಿಧವೆ. ಗಂಡನಿದ್ದಾಗ ಕೆಲವು ವರ್ಷ ಸಂಸಾರ ಸಮೇತ ದಿಲ್ಲಿಯಲ್ಲಿ ದುಡಿದಿದ್ದಳು, ಹಾಗಾಗಿ ಹಿಂದಿ ಬರುತ್ತಿತ್ತು. ನಮ್ಮ ಓಣಿಯಲ್ಲಿ ಕಲಿತ ನನ್ನ ದಖನಿ ಹಿಂದಿ ಕೇಳಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಸುನ್‌ಮಾಯಾಗೆ ಹದಿಮೂರು ವರ್ಷ. ಉಳಿದ ಮಕ್ಕಳು ಇಂಗ್ಲಿಷನ್ನು ತರಗತಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಇವಳು ಮನೆಗೂ ತರುತ್ತಿದ್ದಳು — ಮೇಕೆಗೇನಂತಾರೆ, ಬೂದಿಗೇನಂತಾರೆ, ಬಿಕ್ಕಳಿಕೆಗೇನಂತಾರೆ ಎಂದು ಬೆನ್ನು ಹತ್ತುತ್ತಿದ್ದಳು.

ನನ್ನ ವರ್ಷ ಮುಗಿಯುತ್ತ ಬಂದಾಗ ಅವಳ ಚಿಕ್ಕಪ್ಪ ಬಂದ. ಶಾಲಾ ಸಮಿತಿಗೆ ಅವನೇ ಮುಖ್ಯಸ್ಥ. ನನ್ನ ಬೀಳ್ಕೊಡುಗೆಯ ಏರ್ಪಾಡೂ ಅವನದೇ. ಸುನ್‌ಮಾಯಾಳನ್ನು ಪಟ್ಟಣದಲ್ಲಿ ಪರಿಚಯದವರ ಮನೆಯಲ್ಲಿ ಬಿಡುತ್ತೇನೆ, ಅವರ ಕೂಸನ್ನು ನೋಡಿಕೊಂಡಿರಲಿ, ಶಾಲೆಗೂ ಕಳಿಸುತ್ತಾರೆ ಎಂದ. ಹೊರಡುವವರೆಗೂ ಆ ಮನೆಯಲ್ಲೇ ಉಳಿದ. ತಾಯಿ ಮಗಳನ್ನು ಇಬ್ಬರೇ ಇರಲು ಬಿಡಲಿಲ್ಲ — ಅದನ್ನೂ ನಾನು ಗಮನಿಸಿದ್ದೆ.

ಅವನು ಸುನ್‌ಮಾಯಾಳನ್ನು ಕರೆದೊಯ್ಯುವ ದಿನ ಬೆಳಿಗ್ಗೆ ಎಲ್ಲರೂ ಒಲೆಯ ಮುಂದೆ ಚಹಾ ಕುಡಿಯುತ್ತಿದ್ದೆವು. ಸುನ್‌ಮಾಯಾ ನನ್ನ ಕಡೆ ತಿರುಗಿದಳು. ಚಿಕ್ಕಪ್ಪನಿಗೆ ತಿಳಿಯದ ಒಂದೇ ಭಾಷೆಯಲ್ಲಿ, ನಾನು ಕಲಿಸಿದ ಭಾಷೆಯಲ್ಲಿ ಹೇಳಿದಳು:

"ಮಿಸ್, ಐ ನೋ ವಾಂಟ್ ಗೋ. ಅಂಕಲ್ ಬ್ಯಾಡ್. ಯೂ ಟೆಲ್ ಮದರ್."

ನನಗೆ ಅರ್ಥವಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ... ಇಲ್ಲ. ಅರ್ಥವಾಗಿತ್ತು. ಚಿಕ್ಕಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನಕ್ಕೆ. "ಐ ಡು ನಾಟ್ ವಾಂಟ್ ಟು ಗೋ — ಹಾಗೆನ್ನಬೇಕು" ಎಂದು ಅವಳ ವಾಕ್ಯ ತಿದ್ದಿದೆ.

ಅವಳು ನನ್ನನ್ನೇ ನೋಡುತ್ತ ಒಂದೂ ತಪ್ಪಿಲ್ಲದೆ ಹೇಳಿದಳು: "ಐ ಡು ನಾಟ್ ವಾಂಟ್ ಟು ಗೋ." ಚಿಕ್ಕಪ್ಪ ಖುಷಿಯಿಂದ ತೊಡೆ ತಟ್ಟಿ ನಕ್ಕ.

ಅವನು ಜೀಪಿನ ಬಳಿ ಹೋದಾಗ ಅಮ್ಮ ನನ್ನ ಕೈ ಹಿಡಿದಳು. "ಅವನು ಬಂದಾಗಿನಿಂದ ಇವಳು ಬಾಯಿ ಬಿಟ್ಟಿಲ್ಲ. ನಿಮಗೇನು ಹೇಳಿದಳು? ಅವಳಿಗೆ ಮನಸ್ಸಿಲ್ಲದಿದ್ದರೆ ನಾನು ಕಳಿಸುವುದಿಲ್ಲ" ಎಂದು ಹಿಂದಿಯಲ್ಲಿ ಕೇಳಿದಳು.

"ಪಾಠ ಒಪ್ಪಿಸಿದಳು" ಎಂದೆ.

ಯಾಕೆ? ಬೀಳ್ಕೊಡುಗೆ ಕೆಡಬಾರದು, ಹೊರಗಿನವಳು ಮನೆಯ ವಿಷಯಕ್ಕೆ ಬಾಯಿ ಹಾಕಬಾರದು, ಸಮಿತಿಯವನ ಎದುರು ಕೆಟ್ಟವಳಾಗಬಾರದು... ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕವೆಲ್ಲ ಇಷ್ಟೇ.

ನಾನು ಊರಿಗೆ ಬಂದ ಮೇಲೆ ನೇಪಾಳದ ಆ ಶಾಲೆಯ ವಿಜ್ಞಾನದ ಮೇಷ್ಟ್ರು ಫೋನು ಮಾಡಿದರು. ಪಟ್ಟಣದ ಆ ಮನೆಯಿಂದ ಹುಡುಗಿ ಓಡಿಹೋದಳು ಎಂದು ಚಿಕ್ಕಪ್ಪ ಹೇಳುತ್ತಾನಂತೆ. ತಾಯಿ ಪಟ್ಟಣವೆಲ್ಲ ಅಲೆದು ಬರಿಗೈಯಲ್ಲಿ ಮರಳಿದ್ದಳಂತೆ. ನಾನು "ಅಯ್ಯೋ" ಎಂದೆ. ಅದಾದ ವಾರವೇ ಶಹಾಪುರದಲ್ಲಿ ನನಗೆ ಸನ್ಮಾನವಿತ್ತು. ವೇದಿಕೆಯ ಮೇಲೆ ಸುನ್‌ಮಾಯಾಳ ಕಥೆ ಹೇಳಿದೆ — ಗುಡ್ಡದ ಹುಡುಗಿ ಇಂಗ್ಲಿಷ್ ಕಲಿತು ಈಗ ಪಟ್ಟಣದ ದೊಡ್ಡ ಶಾಲೆಯಲ್ಲಿ ಓದುತ್ತಿದ್ದಾಳೆ ಎಂದು. ಚಪ್ಪಾಳೆ ಬಿತ್ತು. ಆಮೇಲೆ ಕರೆದಲ್ಲೆಲ್ಲ ಅದನ್ನೇ ಹೇಳಿದೆ.

ಈಚೆಗೆ ಮತ್ತೆ ಶಹಾಪುರದ ಒಂದು ಕಾಲೇಜಿಗೆ ಕರೆದಿದ್ದರು. "ಆ ನೇಪಾಳದ ಹುಡುಗಿ ಕತಿ ಹೇಳ್ರಿ ಮೇಡಂ, ನಮ್ ಹುಡುಗ್ಯಾರಿಗೆ ಹುರುಪು ಬರತೈತಿ" ಎಂದರು ಅಲ್ಲಿನ ಉಪನ್ಯಾಸಕರು. ಹೇಳಿದೆ. ದೇವಾಪುರದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕಿ ಈಗ ಏನ್ ಮಾಡಾಕತ್ತ್ಯಾಳ್ರಿ? ನಿಮಗ ಫೋನ್ ಮಾಡ್ತಾಳೇನ್ರಿ?"

ಉತ್ತರ ಬಾಯಿಪಾಠವಾಗಿತ್ತು. ಹೊರಬಿದ್ದದ್ದು ಬೇರೆ. "ಇಲ್ಲವ್ವಾ. ಅಕಿ ಎಲ್ಲಿ ಅದಾಳೋ ನನಗ ಗೊತ್ತಿಲ್ಲ. ಇಷ್ಟು ದಿನ ನಾ ಸುಳ್ಳು ಹೇಳೀನಿ."

ಉಪನ್ಯಾಸಕರು ಗಡಿಬಿಡಿಯಲ್ಲಿ ವಂದನಾರ್ಪಣೆ ಮುಗಿಸಿದರು.

ಮಾರನೆಯ ದಿನ ವಿಜ್ಞಾನದ ಮೇಷ್ಟ್ರಿಗೆ ಫೋನು ಮಾಡಿ, ಸುನ್‌ಮಾಯಾಳ ಅಮ್ಮನನ್ನು ಫೋನಿಗೆ ಕರೆಸಿದೆ. ಎಲ್ಲವನ್ನೂ ಹೇಳಿದೆ — ಮಗಳು ಹೇಳಿದ್ದು, ನಾನು ತಿದ್ದಿದ್ದು, ಮುಚ್ಚಿಟ್ಟಿದ್ದು. ಬೈಗುಳಕ್ಕೆ ಕಾದೆ. ಅವಳು ಒಂದೇ ಮಾತು ಕೇಳಿದಳು.

"ನಾನು ನಿಮ್ಮನ್ನು ಕೇಳಿದ್ದು... ಅದು ಅವಳ ಕಿವಿಗೆ ಬಿದ್ದಿತ್ತಾ?"

ಬಿದ್ದಿತ್ತು. ಬಾಗಿಲ ಹಿಂದೆ ಚೀಲ ಹಿಡಿದು ನಿಂತಿದ್ದಳು. ಹಿಂದಿ ಅವಳಿಗೂ ಬರುತ್ತಿತ್ತು. ನನ್ನ ಉತ್ತರವನ್ನೂ ಕೇಳಿಸಿಕೊಂಡು, ಚಿಕ್ಕಪ್ಪ ಕೂಗಿದ ಕೂಡಲೇ ಅಂಗಳಕ್ಕಿಳಿದು ಹೋಗಿದ್ದಳು. ಹೌದು, ಕೇಳಿಸಿತ್ತು ಎಂದೆ.

"ಹಾಗಾದರೆ, ಕಳಿಸುವ ಮುಂಚೆ ಅವಳ ಮನಸ್ಸೇನೆಂದು ಅಮ್ಮ ಕೇಳಿದ್ದಳು ಅನ್ನೋದು ಅವಳಿಗೆ ಗೊತ್ತಿದೆ" ಎಂದಳು.

ಅಷ್ಟು ಹೇಳಿ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟುಬಿಟ್ಟಳು. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ.