ಎರಡೂ ಕೈ ತಲೆಯ ಮೇಲೆ

ನಮ್ಮ ಯಜಮಾನರು ಪ್ರಾರ್ಥನೆಗೆ ಮೊಣಕಾಲೂರಿದರೆ ಸಾಕು, ಗೊರಕೆ ಶುರು. ಮಂಚದ ಅಂಚಿಗೆ ಹಣೆ ಹಚ್ಚಿ "ಕರ್ತನೇ" ಅನ್ನುತ್ತಾರೆ. ಮುಂದಿನ ಮಾತು ಕರ್ತನಿಗೂ ಕೇಳಿಸಿರಲಿಕ್ಕಿಲ್ಲ. ನಾನೇ ಭುಜ ಹಿಡಿದು ಎಬ್ಬಿಸಿ ಮಲಗಿಸಬೇಕು. ಹೊದಿಕೆಯ ಗೆರೆಗಳು ಹಣೆ ಮೇಲೆ ಅಚ್ಚೊತ್ತಿರುತ್ತವೆ.

ಇವರದು ಕಟಿಂಗ್ ಶಾಪ್, ದಿನವಿಡೀ ನಿಂತೇ ಮಾಡುವ ಕೆಲಸ. ಬೆಳಿಗ್ಗೆ ಷಟರ್ ಎತ್ತುವ ಮೊದಲೇ ಗಿರಾಕಿಗಳು ಕಾದಿರುತ್ತಾರೆ. ಸಂಜೆ ಮನೆಗೆ ಬರುವಷ್ಟರಲ್ಲಿ ಕಾಲು ಬಾತು ಕಂಬವಾಗಿರುತ್ತದೆ. ಹೋದ ತಿಂಗಳು ಪಾದ್ರಿಯವರು ಮನೆಗೆ ಬಂದವರು, "ದಿನಾ ಪ್ರಾರ್ಥನೆಗೆ ಸಮಯ ಸಿಗುತ್ತಾ?" ಅಂತ ಕೇಳಿದ್ದೇ ತಡ, ಇವರು ತಲೆ ತಗ್ಗಿಸಿಬಿಟ್ಟರು. ಪಾದ್ರಿಯವರು ಒಳ್ಳೆಯವರು, ಮತ್ತೆ ಕೆದಕದೆ ಕಾಫಿ ಕುಡಿದು ಹೋದರು. ನಾನು ಬಿಡುತ್ತೇನಾ? ಅಲಾರಾಂ ಇಟ್ಟೆ. ಅದರ ತಲೆಗೊಂದು ಮೊಟಕಿ ಮತ್ತೆ ಮಲಗಿದರು. ಮೂಲೆಯಲ್ಲಿ ಚಾಪೆ ಹಾಸಿದೆ. ಅದರ ಮೇಲೇ ಹಾಯಾಗಿ ಕಾಲು ಚಾಚಿದರು. ಹಾಳಾಗಿಹೋಗಲಿ ಅಂತ ಕೈಬಿಟ್ಟೆ.

ಆಮೇಲೊಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಜನ ಇದ್ದರು, ಬೆಂಚಿನ ತುದಿಯಲ್ಲಿ ಕೂತೆ. ಕೂದಲು ಕತ್ತರಿಸಿ, ಕುತ್ತಿಗೆಗೆ ಪೌಡರ್ ಹಚ್ಚಿ, ಬ್ರಷ್‌ನಲ್ಲಿ ಒರೆಸಿದ ಮೇಲೆ ಇವರು ಗಿರಾಕಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತರು. ಮುಂದಿನವನಿಗೂ ಹಾಗೇ. ಅವನ ಮುಂದಿನವನಿಗೂ ಹಾಗೇ. ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಅಂಗಡಿ ಖಾಲಿಯಾಗುವವರೆಗೆ ಹೇಗೋ ತಡೆದುಕೊಂಡೆ.

"ಏನ್ರೀ ಅದು, ತಲೆ ಹಿಡ್ಕೊಂಡು ನಿಲ್ಲೋದು?"

"ಎರಡೂ ಕಡೆ ಸಮ ಇದೆಯಾ ಅಂತ ನೋಡ್ತೀನಿ, ಅಷ್ಟೆ."

"ಕಣ್ಣು ಮುಚ್ಕೊಂಡು ನೋಡ್ತೀರಾ? ಕನ್ನಡೀಲಿ ಕಾಣ್ತಾ ಇತ್ತು."

ಸಿಕ್ಕಿಬಿದ್ದರು. ಡಬ್ಬಿಯ ಮುಚ್ಚಳ ತೆಗೆಯುತ್ತಾ, ಮುಖ ಕೊಡದೆ ಹೇಳಿದರು: "ಇಲ್ಲಿ ಕೂತವರು ಮನೆ ಕಷ್ಟ ಎಲ್ಲಾ ಹೇಳ್ಕೋತಾರೆ ಕಣೇ. ಹಾಗೇ ಕಳಿಸೋಕೆ ಮನಸ್ಸು ಬರಲ್ಲ. ಹೇಗೂ ಕೈ ತಲೆ ಮೇಲೆ ಇರುತ್ತೆ, ದೇವರ ಹತ್ತಿರ ಅವರಿಗೋಸ್ಕರ ಎರಡು ಮಾತು ಹೇಳ್ತೀನಿ."

"ಮತ್ತೆ ಪಾದ್ರಿಯವರ ಮುಂದೆ ಬಾಯಿಗೇನಾಗಿತ್ತು ನಿಮಗೆ?"

"ಇದನ್ನ ಪ್ರಾರ್ಥನೆ ಅಂತಾರಾ? ನಿಂತ್ಕೊಂಡು, ಕೈಗೆಲ್ಲಾ ಕೂದಲು ಮೆತ್ಕೊಂಡು?"

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಇಂಥವರ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಒಂದೂ ಗೊತ್ತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಪೀಡಿಸಿದೆ. ಮಧ್ಯಾಹ್ನ ಬಂದಿದ್ದ ಪೋಸ್ಟ್‌ಮ್ಯಾನ್‌ಗೋಸ್ಕರ ದೇವರ ಹತ್ತಿರ ಏನು ಕೇಳಿದಿರಿ, ಲೆಕ್ಕದ ಮೇಷ್ಟ್ರಿಗೋಸ್ಕರ ಏನು ಕೇಳಿದಿರಿ? ಕುರ್ಚಿಯಲ್ಲಿ ಹೇಳಿದ್ದು ಕುರ್ಚಿಯಲ್ಲೇ ಇರಬೇಕು ಅಂದರು. ಹಾಗಾದರೆ ನಿಮ್ಮ ಅಣ್ಣನಿಗೋಸ್ಕರ ಏನು ಕೇಳಿದಿರಿ ಅಂದೆ. ಕೈ ತಟ್ಟೆಯಲ್ಲೇ ನಿಂತಿತು.

ಅತ್ತೆ ತೀರಿಕೊಂಡ ದಿನ, ಪರ ಊರಿಗೆ ಹೋಗಿದ್ದ ಭಾವ ಬಂದಿದ್ದು ತಡವಾಗಿ, ಮಣ್ಣು ಮಾಡಿ ಎಲ್ಲರೂ ಮನೆಗೆ ವಾಪಸಾದ ಮೇಲೆ. ಇವರು ದುಃಖದಲ್ಲಿ ನೆಂಟರೆಲ್ಲರ ಎದುರಿಗೆ, "ಊಟಕ್ಕೆ ಸರಿಯಾಗಿ ಬಂದೆ" ಅಂದುಬಿಟ್ಟರು. ದಾರಿಯಲ್ಲಿ ಬಸ್ಸು ಕೆಟ್ಟಿತ್ತು ಅಂತ ಗೊತ್ತಾಗುವಷ್ಟರಲ್ಲಿ ಭಾವ ಹೊರಟುಹೋಗಿದ್ದರು. ಪಕ್ಕದ ಬೀದಿಯಲ್ಲೇ ಬೀಗ ರಿಪೇರಿ ಮಾಡುತ್ತಾರೆ. ಅವತ್ತಿನಿಂದ ಮಾತಿಲ್ಲ.

"ಅವನ ತಲೆ ನನ್ನ ಕೈಗೆ ಬಂದಿಲ್ಲವಲ್ಲ" ಅಂದರು ಇವರು.

ಬರುವುದಾದರೂ ಹೇಗೆ? ನಮ್ಮ ಭಾವನದು ಬೋಳು ತಲೆ. ಇದ್ದಬದ್ದ ಗಡ್ಡವನ್ನೂ ಮನೆಯಲ್ಲೇ ಕೆರೆದುಕೊಳ್ಳುತ್ತಾರೆ.

"ಊರವರಿಗೆಲ್ಲಾ ಸಮಯ ಇದೆ, ಒಡಹುಟ್ಟಿದವನಿಗೆ ಮಾತ್ರ ಇಲ್ಲ" ಅಂದೆ.

"ಮನೇಲಿ ಮೊಣಕಾಲೂರೋದೇ ಅವನಿಗೋಸ್ಕರ ಕಣೇ. ನಾನಂದ ಮಾತು ಅಡ್ಡ ಬರುತ್ತೆ, ಮುಂದಕ್ಕೆ ಹೋಗೋಕಾಗಲ್ಲ. ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತೆ."

ಗೊರಕೆ ಅಂತ ಆಡಿಕೊಂಡವಳು ನಾನು.

ಮಾರನೇ ದಿನ ಸೀದಾ ಭಾವನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೀಗದ ಕೈಗೆ ಅರ ಉಜ್ಜುತ್ತಲೇ ಇದ್ದರು. ಕೊನೆಗೆ, "ಅಲ್ಲಿಗೆ ಹೋಗೋಕೆ ನನ್ನ ತಲೇಲಿ ಏನಿದೆಯಮ್ಮ?" ಅಂದರು. ಪೆಚ್ಚು ಮೋರೆ ಹಾಕಿಕೊಂಡು ವಾಪಸಾದೆ. ಇವರಿಗೆ ಹೇಳಲಿಲ್ಲ.

ಶನಿವಾರ ನಾನು ಡಬ್ಬಿ ತಂದಾಗ ಅಂಗಡಿ ತುಂಬಾ ಜನ. ಭಾವ ಒಳಗೆ ಬಂದರು. ಬೆಂಚಿನಲ್ಲಿ ಎಲ್ಲರ ಹಾಗೆ ಸರದಿ ಕಾದರು. ತಮ್ಮ ಸರದಿ ಬಂದಾಗ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡಿಕೊಂಡು "ಕಟಿಂಗ್" ಅಂದರು.

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದ ಮೇಲೆ ಸುಮ್ಮನಾದರು. ಇವರು ಬಿಳಿ ಬಟ್ಟೆ ಕೊಡವಿ ಅಣ್ಣನ ಕತ್ತಿಗೆ ಕಟ್ಟಿದರು. ಕಿವಿಯ ಹಿಂದೆ ಇದ್ದ ನಾಲ್ಕು ಕೂದಲನ್ನು ಹುಡುಕಿ ಕತ್ತರಿಸಿದರು. ಪೌಡರ್ ಹಚ್ಚಿದರು, ಒರೆಸಿದರು. ಆಮೇಲೆ ಎರಡೂ ಕೈ ಮೇಲೆತ್ತಿದವರು ಹಾಗೇ ನಿಂತುಬಿಟ್ಟರು. ಕೈ ಇಳಿಯಲೊಲ್ಲದು. ಈಗಲೂ ಆಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಅನ್ನಿಸಿತು ನನಗೆ. ಭಾವನೇ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು.

ಕೈ ಇಳಿಯಿತು.

ಒಂದು ಗಳಿಗೆ ಕಳೆಯಿತು, ಇನ್ನೊಂದು ಗಳಿಗೆ ಕಳೆಯಿತು. ನನ್ನ ಪಕ್ಕದಲ್ಲಿದ್ದವರು, "ಬೋಳು ತಲೆಗೆ ಇಷ್ಟು ಹೊತ್ತೇನಮ್ಮ?" ಅಂತ ಗೊಣಗಿದರು. ಸ್ವಲ್ಪ ಹೊತ್ತಾಗುತ್ತೆ, ಬೇಕಿದ್ದರೆ ನಾಳೆ ಬನ್ನಿ ಅಂದೆ.

"ಆಯ್ತೇನೋ?" ಅಂದರು ಭಾವ, ಕಣ್ಣು ತೆರೆಯದೆ.

"ಇನ್ನೂ ಇಲ್ಲ ಅಣ್ಣ" ಅಂದರು ಇವರು. "ಕೂತಿರು."