ಬಾಗಿಲಲ್ಲಿ ಹಿಡಿಸದ ಇದ್ದಿಲೊಲೆ

ನಿಸ್ತೋರನಷ್ಟು ಚಳಿಪುರುಕ ಗಂಡಸು ನಮ್ಮ ಕಡೆಯ ಗುಡ್ಡಗಳಲ್ಲಿ ಇನ್ನೊಬ್ಬ ಇರಲಿಲ್ಲ. ಜೂನ್ ತಿಂಗಳ ಬೇಸಿಗೆ ಬಿಸಿಲಿನ ಹುಲ್ಲು ಕೊಯ್ಲಿಗೂ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಹೋಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನ ಪಾದ ಕಾಲಿಗೆ ತಗುಲಿದಾಗ, ಬಾವಿಯ ಕಪ್ಪೆ ಹಾಸಿಗೆಗೆ ಬಂತೆಂದು ಅವನ ಹೆಂಡತಿ ದೊಮ್ನಿಕಾ ಕಿರುಚಿಕೊಂಡಿದ್ದಳು. ಇಪ್ಪತ್ತೆರಡು ವರ್ಷ ಅವನು ಕಲ್ಲಿದ್ದಲ ಗಣಿಯ ಸುರಂಗದಲ್ಲಿ ದುಡಿದ. ಪೇಟೆಯವರ ಮನೆ ಕಾಯಿಸುವ ಕಲ್ಲಿದ್ದಲು ಅಗೆದು, ತಾನು ನಡುಗುತ್ತ ಮನೆಗೆ ಬರುತ್ತಿದ್ದ. ಗಣಿ ಮುಚ್ಚಿದ ಮೇಲೆ ಪ್ರತಿ ಚಳಿಗಾಲ ಸ್ಪೇನಿಗೆ ಹೋಗಿ ಆಲಿವ್ ಮರ ಬಡಿದು ಕಾಯಿ ಉದುರಿಸುವ ಕೆಲಸ ಹಿಡಿದ. ಅಲ್ಲಿ ಬೆಚ್ಚಗಿರುತ್ತದೆ ಎಂದು ಯಾರೋ ಹೇಳಿದ್ದರು.

ಜನವರಿಯಲ್ಲಿ, ಸಂತ ಯೋಹಾನನ ಹಬ್ಬದ ಮರುದಿನ, ಅವನು ಅಲ್ಲೇ ಸತ್ತ. ಅವನೂ ನಮ್ಮೂರಿನ ಗ್ಲಿಗೋರನೂ ತೋಟದ ನಡುವೆ ಒಂದು ತಗಡಿನ ಖೋಲಿಯಲ್ಲಿದ್ದರು. ಹಬ್ಬದ ಸಂಜೆ ಹೊರಗೆ ಇದ್ದಿಲ ಒಲೆಯ ಮೇಲೆ ಮಾಂಸ ಸುಟ್ಟುಕೊಂಡು ತಿಂದರು. ಆಮೇಲೆ ಒಲೆ ಒಳಗೆ ಬಂತು, ಬಾಗಿಲು ಮುಚ್ಚಿತು. ಬೆಳಗಾಗುವ ಹೊತ್ತಿಗೆ ಮೂತ್ರಕ್ಕೆಂದು ಎದ್ದ ಗ್ಲಿಗೋರ ಹೊಸ್ತಿಲಾಚೆ ಕುಸಿದುಬಿದ್ದ. ತಣ್ಣನೆಯ ಗಾಳಿ ಅವನನ್ನು ಉಳಿಸಿತು. ನಿಸ್ತೋರ ಏಳಲೇ ಇಲ್ಲ.

ಹೆಣದ ಪೆಟ್ಟಿಗೆಗೆ ಬೆಸುಗೆ ಹಾಕಿಯೇ ಕಳಿಸಿದ್ದರು. ಗಾಡಿಯಲ್ಲಿ ತಂದವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ನೋವೇನೂ ಆಗಿಲ್ಲವಂತಮ್ಮ. ಕೆನ್ನೆ ಕೆಂಪಗೆ ಸೇಬಿನ ಹಾಗಿತ್ತಂತೆ." ದೊಮ್ನಿಕಾ ಮೂವತ್ತೊಂದು ವರ್ಷ ಆ ಮುಖ ನೋಡಿದ್ದಳು. ಒಂದು ದಿನವೂ ಅದು ಕೆಂಪಗಾದದ್ದಿಲ್ಲ.

ಗ್ಲಿಗೋರ ಪೊಲೀಸರಿಗೂ ಊರಿಗೂ ಒಂದೇ ಮಾತು ಹೇಳಿದ: "ಉಂಡ ತಕ್ಷಣ ನಾನು ನಿದ್ದೆ ಹೋದೆ. ಅವನು ಒಲೆ ಯಾವಾಗ ಒಳಗೆ ತಂದ್ನೋ ನಂಗೆ ಗೊತ್ತೇ ಇಲ್ಲ." ಚಳಿಪುರುಕ ಇನ್ನೇನು ಮಾಡಿಯಾನು ಎಂದು ಊರೂ ನಂಬಿತು, ದೊಮ್ನಿಕಾಳೂ ನಂಬಿದಳು.

ಸತ್ತ ನಲವತ್ತನೆಯ ದಿನದ ದಾನಕ್ಕೆ ಸಾಮಾನು ಕೂಡಿಸುವಾಗ ತುದೋರಜ್ಜಿ ಬಂದು ಕುಳಿತಳು. ದಾನದ ಕ್ರಮವೆಲ್ಲ ಬಲ್ಲವಳು ಊರಿನಲ್ಲಿ ಅವಳೊಬ್ಬಳೇ. ಇಲ್ಲಿ ಬದುಕಿರುವವರ ಕೈಗೆ ಏನು ಕೊಡುತ್ತೇವೋ ಅದೇ ಅಲ್ಲಿ ಸತ್ತವರಿಗೆ ಸಿಗುವುದು. ಕೊಡದಿದ್ದರೆ ಇಲ್ಲ.

"ಮಂಚ ಆಯ್ತು, ಕಂಬಳಿ ಎರಡು, ಮೇಜು, ಬಿಂದಿಗೆ, ಚಮಚ," ಅಜ್ಜಿ ಬೆರಳು ಮಡಿಸಿದಳು. "ಬೆಂಕಿ ಎಲ್ಲೇ?"

"ಬೆಂಕಿ ಬೇಡ ಅಜ್ಜಿ."

"ಬೇಡ ಅಂದ್ರೆ? ಜೂನ್ ತಿಂಗಳಲ್ಲಿ ಕಾಲುಚೀಲ ಹಾಕ್ತಿದ್ದೋನನ್ನ ಬೆಂಕಿ ಇಲ್ದೆ ಕತ್ತಲಲ್ಲಿ ಕೂರಿಸ್ತೀಯಾ? ನನ್ನ ಮೊದಲ್ನೇ ಗಂಡನಿಗೆ ಕೊಡೆ ಕೊಡೋದು ಮರೆತೆ. ಇಪ್ಪತ್ತು ವರ್ಷ ಕನಸಲ್ಲಿ ತೊಪ್ಪೆಯಾಗಿ ಬಂದು ನಿಲ್ತಿದ್ದ."

"ಎರಡನೇ ಗಂಡ?"

"ಅವನಿಗೆ ಎರಡು ಕೊಡೆ ಕೊಟ್ಟುಬಿಟ್ಟೆ. ಕನಸಿಗೆ ಬರೋದೇ ಬಿಟ್ಟ, ದರಿದ್ರದೋನು."

ದೊಮ್ನಿಕಾ ನಗಲಿಲ್ಲ. "ಅಜ್ಜಿ, ಅವನನ್ನ ಕೊಂದಿದ್ದೇ ಆ ಬೆಂಕಿ."

"ಸತ್ತೋನು ಇನ್ನೊಂದ್ಸಲ ಸಾಯ್ತಾನೇನೇ?"

"ನೀನು ಹೋಗಿ ನೋಡ್ಕೊಂಡು ಬಂದಿದ್ದೀಯಾ?"

ತುದೋರಜ್ಜಿ ಮಡಿಸಿದ ಬೆರಳು ಬಿಚ್ಚಿ ಎದ್ದು ಹೋದಳು.

ದೊಮ್ನಿಕಾ ಮೂರು ದಿನ ಇದನ್ನೇ ಯೋಚಿಸಿದಳು. ಕೊಡದಿದ್ದರೆ ಚಳಿಗೆ ನಡುಗುತ್ತಾನೆ. ಕೊಟ್ಟರೆ, ತನ್ನ ಗಂಡ ಎಂಥವನೆಂದು ಅವಳಿಗೆ ಗೊತ್ತಿತ್ತು, ಮೊದಲ ಇಬ್ಬನಿಗೇ ಒಲೆಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ನಾಲ್ಕನೆಯ ಬೆಳಗ್ಗೆ ಹಸುವಿನ ಹಾಲು ಹಿಂಡುತ್ತಿದ್ದಾಗ ದಾರಿ ಹೊಳೆಯಿತು. ಒಳಗೆ ಬರಲಾರದಂಥ ಒಲೆ ಕೊಡಬೇಕು. ಬಾಗಿಲಲ್ಲಿ ಹಿಡಿಸಬಾರದು, ಎತ್ತಲು ಆಗಬಾರದು.

ಯಾವ ಬಾಗಿಲು? ಅವಳ ಮನಸ್ಸಿನಲ್ಲಿ ನಿಸ್ತೋರ ಇನ್ನೂ ಆ ತಗಡಿನ ಖೋಲಿಯಲ್ಲೇ ಇದ್ದ. ಕೊಡಲಿರುವ ಮಂಚವೂ ಕಂಬಳಿಯೂ ಅಲ್ಲಿಗೇ ಹೋಗುತ್ತವೆ ಎಂದುಕೊಂಡಿದ್ದಳು. ಹಾಗಾಗಿ ಒಂದು ದಾರ ಹಿಡಿದುಕೊಂಡು ಗ್ಲಿಗೋರನ ಮನೆಗೆ ಹೋದಳು.

ಗ್ಲಿಗೋರ ಮನೆಯೊಳಗೇ ಕೋಟು ಹಾಕಿಕೊಂಡು ಕುಳಿತಿದ್ದ. ಸ್ಪೇನಿನಿಂದ ಬಂದ ಮೇಲೆ ಅವನು ಮನೆಯ ಸೌದೆ ಒಲೆ ಹೊತ್ತಿಸಲು ಬಿಟ್ಟಿರಲಿಲ್ಲ. ಹೆಂಡತಿ ಗ್ಯಾಸಿನ ಮೇಲೆ ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದಳು.

"ಗ್ಲಿಗೋರ, ಆ ಖೋಲಿ ಬಾಗಿಲು ಎಷ್ಟಗಲ ಇತ್ತು?"

"ಯಾಕೆ ಅತ್ತಿಗೆ?"

"ದಾನದ ಒಲೆಗೆ ಅಳತೆ ಬೇಕು."

ಅವನು ದಾರ ತೆಗೆದುಕೊಂಡು ಎರಡು ಕೈ ಅಗಲಿಸಿದ. "ಇಷ್ಟೇ. ಮೂರು ಗೇಣಿಗೂ ಕಮ್ಮಿ. ಒಲೆ ಕಾಲು ನೆಟ್ಟಗೆ ಹಿಡಿಸ್ತಾನೇ ಇರ್ಲಿಲ್ಲ. ಓರೆ ಮಾಡಿ, ಈ ಕಡೆಯಿಂದ ಎತ್ತಿ, ಆ ಕಡೆಯಿಂದ ತಗ್ಗಿಸಿ, ಕೆಂಡ ಚೆಲ್ಲದ ಹಾಗೆ..."

ಗಾಳಿಯಲ್ಲಿ ಒಲೆ ಎತ್ತುತ್ತಿದ್ದ ಅವನ ಕೈ ಹಾಗೇ ನಿಂತಿತು. ಹೆಂಡತಿಯ ಕೋಲೂ ಮುದ್ದೆಯಲ್ಲಿ ನಿಂತಿತು.

ಈ ಕಡೆ ಎತ್ತಲು ಒಬ್ಬ, ಆ ಕಡೆ ತಗ್ಗಿಸಲು ಇನ್ನೊಬ್ಬ. ನಿದ್ದೆ ಹೋದವನಿಗೆ ಇದು ಗೊತ್ತಿರುವುದಿಲ್ಲ. ದೊಮ್ನಿಕಾ ದಾರ ಇಸಿದುಕೊಂಡು ಅವನು ಹಿಡಿದಿದ್ದ ಜಾಗಕ್ಕೆ ಗಂಟು ಹಾಕಿದಳು. ಹಲ್ಲಿನಿಂದ ಕಚ್ಚಿ ಅದನ್ನು ಬಿಗಿದಳು.

"ಶನಿವಾರ ಇಬ್ಬರೂ ಬನ್ನಿ," ಎಂದಷ್ಟೇ ಹೇಳಿ ಹೊರಟಳು.

ಪೇಟೆಯ ಕಬ್ಬಿಣದ ಅಂಗಡಿಯವನು ಬಾಯಿ ತುಂಬ ಮಾತಾಡುವವನು. ಮೊದಲು ಸೂಟ್‌ಕೇಸಿನ ಹಾಗೆ ಮಡಿಸುವ ತಗಡಿನ ಒಲೆ ತೋರಿಸಿದ. "ಒಂದು ಕೈಲಿ ಎತ್ಕೊಂಡು ಹೋಗ್ಬಹುದಮ್ಮ, ಹಗುರ."

"ಹಗುರದ್ದು ಬೇಡ."

ಮೂರು ಕಾಲಿನ, ಮುಚ್ಚಳದ ಗುಂಡು ಒಲೆ ತೋರಿಸಿದ. ಅವಳು ದಾರ ಹಿಡಿದು ನೋಡಿದಳು. ಅದು ಗಂಟಿನೊಳಗೇ ಬಂತು. "ಇದನ್ನ ಒಳಗಿಟ್ಕೊಂಡು ಮಲಗಿದ್ರೆ ಮನುಷ್ಯ ಸಾಯ್ತಾನಾ?"

ಅಂಗಡಿಯವನ ನಗು ಮಾಯವಾಯಿತು. "ಅಮ್ಮ, ಇದ್ದಿಲು ಯಾವ ಒಲೆಯಲ್ಲಿದ್ರೂ ಅಷ್ಟೇ. ಬೂದಿ ಮುಚ್ಚಿ ಆರಿದ ಹಾಗೆ ಕಂಡಾಗ್ಲೂ ಕೊಲ್ಲತ್ತೆ. ಹೊಗೆ ಕಾಣಲ್ಲ, ವಾಸನೆ ಬರಲ್ಲ. ಇವೆಲ್ಲ ಬಯಲಿಗೇ ಇರೋದು."

"ಹಾಗಾದ್ರೆ ಬಾಗಿಲಲ್ಲಿ ಹಿಡಿಸದೆ ಇರೋದು ತೋರಿಸು."

ಇಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಪೀಪಾಯಿ ಗಾತ್ರದ ದಪ್ಪ ಉಕ್ಕಿನ ಒಲೆಯೊಂದಿತ್ತು. ಪಕ್ಕಕ್ಕೆ ಬೆಂಕಿಗೂಡು, ಇನ್ನೊಂದು ತುದಿಯಲ್ಲಿ ಮಾಂಸ ನೇತುಹಾಕಿ ಹೊಗೆ ಕೊಡುವ ಆಳೆತ್ತರದ ಹೊಗೆಪೆಟ್ಟಿಗೆ, ಅದರ ಮೇಲೆ ಚಿಮಣಿ. ದಪ್ಪ ಉಕ್ಕು ಕಾವು ಹಿಡಿದಿಡುತ್ತದೆ ಎಂದ. ಕೆಳಗಿನ ಗಾಳಿಕಿಂಡಿ ತೆರೆದರೆ ಉರಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಚಿಮಣಿ ಮಾತ್ರ ಯಾವತ್ತೂ ಪೂರ್ತಿ ಮುಚ್ಚಬಾರದು, ಮಾಂಸಕ್ಕೆ ಮಸಿ ಹತ್ತಿ ಕಹಿಯಾಗುತ್ತದೆ. ಹೊಗೆಗೆ ಪ್ಲಮ್ ಹಣ್ಣಿನ ಮರದ ಒಣಗಿದ ಕಟ್ಟಿಗೆ ಹಾಕು, ದೇವದಾರು ಹಾಕಿದರೆ ನಾಯಿಯೂ ಮೂಸುವುದಿಲ್ಲ ಎಂದ. ದೊಮ್ನಿಕಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ದಾರ ಹಿಡಿದಳು. ಎಲ್ಲಿ ಅಳೆದರೂ ಗಂಟು ದಾಟಿ ಒಂದು ಗೇಣು ಹೊರಗಿತ್ತು.

"ಎತ್ತಿ ನೋಡ್ರಪ್ಪಾ," ಎಂದು ಅಲ್ಲಿದ್ದ ಇಬ್ಬರು ಹಮಾಲರಿಗೆ ಹೇಳಿದಳು. ಅವರು ತಿಣುಕಿ ನಾಲ್ಕು ಬೆರಳು ಎತ್ತಿ ಕೆಳಗಿಟ್ಟರು.

"ಏನಿಟ್ಟಿದಾರೋ ಇದರೊಳಗೆ, ಹೆಣವಾ?" ಎಂದು ಒಬ್ಬ ಬೈದ.

"ಇದೇ ಇರಲಿ," ಎಂದಳು ದೊಮ್ನಿಕಾ.

ಶನಿವಾರ ದೊಮ್ನಿಕಾಳ ಅಂಗಳದಲ್ಲಿ ದಾನದ ಸಾಮಾನೆಲ್ಲ ಸಾಲಾಗಿಟ್ಟಿತ್ತು. ಪಾದ್ರಿ ಧೂಪ ಹಾಕಿ ಹೋದ. ಬೇಯಿಸಿದ ಸಿಹಿಗೋಧಿ ಹಂಚಿದ್ದಾಯಿತು. ಟ್ರಾಕ್ಟರಿನಲ್ಲಿ ಬಂದಿದ್ದ ಒಲೆಯ ಹಿಡಿಗೆ ಹೊಸ ಟವೆಲು, ಒಂದು ಮೇಣದಬತ್ತಿ ಕಟ್ಟಿದ್ದರು. ಸತ್ತವನ ವಯಸ್ಸಿನ ಗಂಡಸಿಗೇ ಅದನ್ನು ಕೊಡಬೇಕು, ಪಡೆದವನು ಅದನ್ನು ಬಳಸಬೇಕು. ಬಳಸದೆ ಇಟ್ಟ ದಾನ ಅಲ್ಲಿಗೆ ಮುಟ್ಟುವುದಿಲ್ಲ.

"ಗ್ಲಿಗೋರ, ಬಾ," ಎಂದು ತುದೋರಜ್ಜಿ ಕರೆದಳು.

ಗ್ಲಿಗೋರ ನಿಂತಲ್ಲೇ ನಿಂತ. "ಬೇರೆ ಯಾರಿಗಾದ್ರೂ ಕೊಡಿ ಅಜ್ಜಿ. ನಮ್ಮನೇಲಿ ಇದಕ್ಕೆ ಜಾಗ ಎಲ್ಲಿದೆ?"

"ದಾನ ಬೇಡ ಅಂತೀಯಾ? ತಲೆ ನೆಟ್ಟಗಿದೆಯೇನೋ?"

ದೊಮ್ನಿಕಾ ಮುಂದೆ ಬಂದಳು. "ಜಾಗದ ಚಿಂತೆ ಬೇಡ ಗ್ಲಿಗೋರ. ಇದು ಅಂಗಳದಲ್ಲೇ ಇರತ್ತೆ. ಯಾವ ಬಾಗಿಲಲ್ಲೂ ಹಿಡಿಸಲ್ಲ. ಈ ಕಡೆ ಒಬ್ಬ, ಆ ಕಡೆ ಒಬ್ಬ ಹಿಡಿದು ಓರೆ ಮಾಡಿದ್ರೂ ಹಿಡಿಸಲ್ಲ."

ಉಳಿದವರಿಗೆ ಅದು ಒಲೆಯ ಮಾತು. ಗ್ಲಿಗೋರನ ಮುಖ ಸುಣ್ಣದಂತಾಯಿತು. ಅವನು ಬಂದು ಮೇಣದಬತ್ತಿ ಕೈಗೆ ತೆಗೆದುಕೊಂಡು, "ದೇವರು ಅವನ ಪಾಪ ಮನ್ನಿಸಲಿ," ಎಂದ. ದನಿ ಪಕ್ಕದವನಿಗೂ ಕೇಳಿಸಲಿಲ್ಲ.

"ಜೋರಾಗಿ ಹೇಳು, ಅಲ್ಲಿಗೆ ಕೇಳಿಸ್ಬೇಕು," ಎಂದಳು ಅಜ್ಜಿ.

ಹೊಸ ಒಲೆಯ ಮೊದಲ ಬೆಂಕಿಯಲ್ಲಿ ಬಣ್ಣದ ವಿಷ ಇರುತ್ತದೆ, ಅದರ ಮೇಲೆ ಬೇಯಿಸಬಾರದು. ಹಾಗಾಗಿ ಗ್ಲಿಗೋರ ಮಾಂಸ ಸುಡುವ ಕಂಬಿಗಳಿಗೆ ಹಂದಿಕೊಬ್ಬು ಸವರಿ, ಇದ್ದಿಲು ತುಂಬಿ, ಒಂದು ಗಂಟೆ ಬರಿದೇ ಉರಿಸಬೇಕಾಯಿತು. ಜನ ಕೋಟಿನ ಕೊರಳುಪಟ್ಟಿ ಎತ್ತಿಕೊಂಡು ಖಾಲಿ ಬೆಂಕಿಯನ್ನು ನೋಡುತ್ತ ನಿಂತರು. ಒಬ್ಬಿಬ್ಬರು ಪ್ಲಮ್ ಸಾರಾಯಿ ಗುಟುಕರಿಸಿದರು. ಗ್ಲಿಗೋರ ಮಾತ್ರ ಬೆಂಕಿಗೆ ಬೆನ್ನು ಹಾಕುವ ಹಾಗಿರಲಿಲ್ಲ. ಮತ್ತೆ ಹೊಸ ಇದ್ದಿಲು ಹಾಕಿ, ಜ್ವಾಲೆ ಅಡಗಿ, ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೆ ಕಂಬಿಯ ಮೇಲೆ ಅಂಗೈ ಹಿಡಿದು ಕಾವು ನೋಡಿದ. ಸುಡುತ್ತಿದ್ದರೂ ಕೈ ತೆಗೆಯಲಿಲ್ಲ. ಹೆಂಡತಿ ಬಂದು ಎಳೆದಳು.

ಹಂದಿಯ ಕತ್ತಿನ ಮಾಂಸದ ಮೊದಲ ತುಂಡು ಅವನೇ ತಿನ್ನಬೇಕು. ತಿಂದ. ಆ ಒಂದು ತುಂಡನ್ನು ಅವನು ಅಗಿದಷ್ಟು ಹೊತ್ತು ಯಾರೂ ಅಗಿದದ್ದಿಲ್ಲ. ಸಂಜೆ ಅದೇ ಟ್ರಾಕ್ಟರಿನಲ್ಲಿ ಒಲೆಯನ್ನು ಅವನ ಅಂಗಳಕ್ಕೆ ಸಾಗಿಸಿದರು.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಮಧ್ಯಾಹ್ನ ದೊಮ್ನಿಕಾ ಬುಟ್ಟಿ ಹೊತ್ತುಕೊಂಡು ಗ್ಲಿಗೋರನ ಅಂಗಳಕ್ಕೆ ಹೋದಳು. ಈಸ್ಟರಿಗೆ ಮುಂಚಿನ ಉಪವಾಸದ ಏಳು ವಾರ ಆಲೂಗಡ್ಡೆ, ಈರುಳ್ಳಿ, ಅಣಬೆ. ಈಸ್ಟರ್ ಕಳೆದ ಮೇಲೆ ಮಾಂಸ. ಉಪ್ಪು ಹಚ್ಚಿದ ಹಂದಿಕೊಬ್ಬಿನ ದಪ್ಪ ತುಂಡುಗಳನ್ನು ಹೊಗೆಪೆಟ್ಟಿಗೆಯಲ್ಲಿ ನೇತುಹಾಕಿ, ಪ್ಲಮ್ ಕಟ್ಟಿಗೆಯ ತೆಳು ಹೊಗೆ ಕೊಟ್ಟು, ಎರಡು ದಿನ ಬಂದು ಬಂದು ನೋಡಿದಳು. ಗ್ಲಿಗೋರ ಹೊತ್ತಿಸುತ್ತಿದ್ದ, ಸುಡುತ್ತಿದ್ದ, ತಿನ್ನುತ್ತಿದ್ದ. ಅವಳು ಎದುರಿಗೆ ಮಣೆಯ ಮೇಲೆ ಕುಳಿತು, ಕೊನೆಯ ಕೆಂಡ ಬೂದಿಯಾಗುವವರೆಗೆ ಕದಲುತ್ತಿರಲಿಲ್ಲ.

ಗ್ಲಿಗೋರನ ಹೆಂಡತಿ ಒಮ್ಮೆ ಬೇಲಿಯ ಹತ್ತಿರ ಅವಳನ್ನು ತಡೆದಳು. "ದೊಮ್ನಿಕಕ್ಕಾ, ಸಾಕು ಮಾಡೇ. ನೀನು ಆ ಕಡೆ ಹೋದ ತಕ್ಷಣ ತಿಂದಿದ್ದೆಲ್ಲ ಕಕ್ಕಿಬಿಡ್ತಾನೆ. ಪ್ಯಾಂಟು ನಿಲ್ತಿಲ್ಲ ಸೊಂಟದಲ್ಲಿ."

"ಕಕ್ಕೋದಕ್ಕೆ ಮುಂಚೆ ನುಂಗ್ತಾನಲ್ಲ. ನಿಸ್ತೋರನಿಗೆ ಅಷ್ಟು ಸಾಕು."

"ನಿಂಗೆ ಕರುಳೇ ಇಲ್ವೇನೇ?"

"ಸ್ಪೇನಿಂದ ಬಂತಲ್ಲ ಪೆಟ್ಟಿಗೆ, ಅದರೊಳಗೆ ಹಾಕಿಬಿಟ್ಟೆ."

ಮೇ ತಿಂಗಳ ಒಂದು ಶನಿವಾರ, ಮಾಂಸ ಇನ್ನೂ ಕಂಬಿಯ ಮೇಲಿತ್ತು. ಗ್ಲಿಗೋರ ಇಕ್ಕಳ ಕೆಳಗಿಟ್ಟ.

"ಅತ್ತಿಗೆ, ಒಲೆ ಒಳಗೆ ತರೋಣ ಅಂದಿದ್ದು ನಾನು."

ದೊಮ್ನಿಕಾ ತಲೆಯೆತ್ತಲಿಲ್ಲ. "ಇಬ್ಬರು ಹಿಡಿದಿದ್ದು ಅವತ್ತೇ ಗೊತ್ತಾಯ್ತು."

"ಹಿಡಿದಿದ್ದು ಆಮೇಲೆ. ಅವನು ಬೇಡ ಅಂದ. ಎರಡು ಸಲ ಬೇಡ ಅಂದ. ಗಣೀಲಿ ಹೀಗೆ ಸತ್ತೋರನ್ನ ಹೊತ್ತಿದೀನಿ ಕಣೋ, ಕಂಬಳಿ ಹೊದ್ಕೊಂಡು ಮಲಗೋಣ ಅಂದ. ನಾನೇ ನಕ್ಕೆ. ಚಳಿಗೂ ಹೆದರ್ತೀಯ, ಬೆಂಕಿಗೂ ಹೆದರ್ತೀಯ, ಏನು ಗಂಡಸೋ ನೀನು ಅಂದೆ." ಅವನು ಮೂಗು ಒರೆಸಿಕೊಂಡ. "ಆಗ ಬಂದು ಆ ಕಡೆ ಹಿಡಿದ."

ಕೊಬ್ಬು ಕೆಂಡಕ್ಕೆ ಬಿದ್ದು ಚುರ್ ಎಂದಿತು. ಮಾಂಸದ ಒಂದು ತುದಿ ಕರಿಯಾಗುತ್ತಿದ್ದರೂ ಯಾರೂ ತಿರುವಲಿಲ್ಲ.

ಬೇಡ ಎಂದಿದ್ದನಂತೆ. ಅವಳು ನಾಲ್ಕು ತಿಂಗಳಿಂದ ಮನಸ್ಸಿನಲ್ಲಿ ಗಂಡನ ಮೇಲೆ ರೇಗಿದ್ದಳು. ಅಯ್ಯೋ ಪೆದ್ದಾ, ನಿನ್ನ ಹಾಳು ಚಳಿಗೆ ಪ್ರಾಣ ಕೊಟ್ಟೆಯಲ್ಲ ಎಂದು ಗೋರಿಯ ಹತ್ತಿರ ಬಾಯಿಬಿಟ್ಟು ಬೈದೂ ಇದ್ದಳು. ಬುದ್ಧಿಯಿಲ್ಲದ ಮಗುವಿಗೆ ಕೊಡುವ ಹಾಗೆ, ಅವನಿಂದ ಅಲುಗಾಡಿಸಲಾಗದ ಒಲೆಯನ್ನು ಹುಡುಕಿ ಕೊಟ್ಟಿದ್ದಳು. ಅಲ್ಲಿ ಮಳೆಯಿದ್ದರೆ ಅವನು ಅದನ್ನು ಸೂರಿನ ಕೆಳಗೂ ಎಳೆದುಕೊಳ್ಳಲಾರ. ನೆನೆಯುತ್ತ ನಿಂತು ಕೈ ಕಾಯಿಸಿಕೊಳ್ಳಬೇಕು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಕ್ರಮ ನಮ್ಮಲ್ಲಿಲ್ಲ.

"ಅತ್ತಿಗೆ, ಏನಾದ್ರೂ ಅನ್ನಿ. ಬೈಯಿರಿ."

ದೊಮ್ನಿಕಾ ಎದ್ದು ಇಕ್ಕಳ ತೆಗೆದುಕೊಂಡಳು. ಮಾಂಸ ತಿರುವಿದಳು. ಸುಟ್ಟು ಕರಿಯಾದ ತುದಿಯನ್ನು ಚಾಕುವಿನಿಂದ ಕೆರೆದು ನಾಯಿಗೆ ಎಸೆದು, ಉಳಿದದ್ದನ್ನು ತಟ್ಟೆಗೆ ಹಾಕಿ ಅವನ ಮುಂದೆ ಇಟ್ಟಳು.

"ತಿನ್ನು," ಎಂದಳು. "ಆರಿದ್ದು ಅವನಿಗೆ ಸೇರಲ್ಲ."

ಗ್ಲಿಗೋರ ತಿಂದ. ಅವಳು ಮಣೆಯ ಮೇಲೆ ಕುಳಿತು, ಬೂದಿ ತಣ್ಣಗಾದ ಮೇಲೆ ಬುಟ್ಟಿ ಎತ್ತಿಕೊಂಡು ಹೋದಳು. ಮುಂದಿನ ಶನಿವಾರವೂ ಬಂದಳು.